ಟೋಕನ್ ದೇವೀಂದ್ರಪ್ಪನ ಇನ್ನೂರ ಹದಿನಾಲ್ಕು ಮೊಳೆಗಳು

ಬೆಳಗಿನ ಐದು ಗಂಟೆ. ಶಹಾಬಾದ್ ಊರು ದಾಟಿ ಒಂದು ಮೈಲಿ ನಡೆದರೆ ಸುಣ್ಣಕಲ್ಲಿನ ಗಣಿ ಸಿಗುತ್ತದೆ. ಗಣಿಯ ಬಾಯಿಗೆ ಒಂದು ತಗಡಿನ ಚಪ್ಪರ, ಚಪ್ಪರದೊಳಗೆ ಒಂದು ಕಂದೀಲು, ಕಂದೀಲಿಗೆ ಬೆನ್ನು ಕೊಟ್ಟು ನಿಂತಿರುವ ದೇವೀಂದ್ರಪ್ಪ. ಅವರ ಎದುರಿಗೆ ಬಾಗಿಲಿನಷ್ಟು ಅಗಲದ ಎರಡು ಹಲಗೆಗಳು. ಹಲಗೆಗಳ ತುಂಬ ಮೊಳೆಗಳು, ಮೊಳೆಗೊಂದರಂತೆ ಅಂಗೈಯೊಳಗೆ ಹಿಡಿಯುವಷ್ಟು ಸಣ್ಣ ಅರಿವೆಯ ಚೀಲ. ಹೊರಗೆ ಸಾಲು ಹಚ್ಚಿದ ಮಂದಿ ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ನಂಬರು ಹೇಳುತ್ತಾರೆ. ಹೇಳಿ ಮುಗಿಸುವ ಮೊದಲೇ ದೇವೀಂದ್ರಪ್ಪನವರ ಕೈ ಆ ಮೊಳೆಯ ಮೇಲಿರುತ್ತದೆ.

“ನೂರಾ ಆರು.”

“ಹಿಡಿ. ಕಣ್ಣ ಯಾಕ ಹಿಂಗ ಕೆಂಪಾಗ್ಯಾವ? ಕುಡದೀ?”

“ಇಲ್ಲ ಕಾಕಾ. ಕೂಸಿಗಿ ಜ್ವರ ಬಂದಾವ. ನಿದ್ದಿ ಇಲ್ಲ.”

“ಹಂಗಾದ್ರ ಇವತ್ತ ದಂಡಿ ಮ್ಯಾಲ ನಿಂದ್ರಬ್ಯಾಡ. ಕೆಳಗ ಕುಂತು ಕಲ್ಲ ಒಡಿ. ಮುಕಾದಮಗ ನಾ ಹೇಳ್ತೀನಿ.”

ಚೀಲದೊಳಗೆ ಇರುವುದು ಹಿತ್ತಾಳೆಯ ಬಿಲ್ಲೆ. ರೂಪಾಯಿಗಿಂತ ತುಸು ದೊಡ್ಡದು, ನೆತ್ತಿಯಲ್ಲಿ ಒಂದು ತೂತು, ನಡುವೆ ಒತ್ತಿದ ನಂಬರು. ಗಂಡಸರದು ದುಂಡು, ಹೆಂಗಸರದು ಎಂಟು ಮೂಲೆಯದು. ಒಂದರಿಂದ ನೂರಾ ಐವತ್ತರವರೆಗೆ ಗಂಡಸರು, ಅಲ್ಲಿಂದ ಇನ್ನೂರ ಹದಿನಾಲ್ಕರವರೆಗೆ ಹೆಂಗಸರು. ಮಂದಿ ಅದನ್ನು ಬಿಲ್ಲೆ ಎನ್ನುತ್ತಾರೆ. ಕಂಪನಿಯವರ ಬಾಯಲ್ಲಿ ಅದು ಟೋಕನ್. ಅದರಿಂದಲೇ ಇವರು ಟೋಕನ್ ದೇವೀಂದ್ರಪ್ಪ.

ಕೆಲಸ ಕೇಳಿದರೆ ಸರಳ. ಬೆಳಿಗ್ಗೆ ಬಿಲ್ಲೆ ಒಯ್ದವರು ಸಂಜೆ ಮೇಲೆ ಬಂದು ವಾಪಸು ಕೊಡಬೇಕು. ಮೊಳೆ ಖಾಲಿ ಇದ್ದರೆ ಒಬ್ಬರು ಇನ್ನೂ ಕೆಳಗಿದ್ದಾರೆ ಎಂದು ಅರ್ಥ. ಹಲಗೆ ತುಂಬಿದ ಮೇಲೆ ದೇವೀಂದ್ರಪ್ಪ ಚಪ್ಪರಕ್ಕೆ ತೂಗುಬಿಟ್ಟ ರೈಲು ಹಳಿಯ ತುಂಡಿಗೆ ಸುತ್ತಿಗೆಯಿಂದ ಎರಡು ಏಟು ಹಾಕುತ್ತಾರೆ. ಆ ಸದ್ದು ಕೇಳಿದ ಮೇಲೆಯೇ ಮದ್ದಿನವನು ಬತ್ತಿಗೆ ಬೆಂಕಿ ಹಚ್ಚುವುದು, ನಾಳೆಗೆ ಬೇಕಾದ ಬಂಡೆ ಸಿಡಿದು ಬೀಳುವುದು. ಇನ್ನೂರ ಹದಿನಾಲ್ಕು ಜೀವ ಆ ಎರಡು ಏಟಿನ ಮೇಲೆ ನಿಂತಿವೆ. ಇಪ್ಪತ್ತೆರಡು ವರ್ಷದಿಂದ ಏಟು ಹಾಕುತ್ತಿರುವವರು ಇವರೊಬ್ಬರೇ.

ನಾನು ಇವರನ್ನು ಹುಡುಕಿಕೊಂಡು ಬಂದವನಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಬಂದದ್ದು ಒಂದು ಮಾತನ್ನು ಹುಡುಕಿಕೊಂಡು. ಕಲಬುರ್ಗಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ ನಾನು. ಪಾಠ ಹೇಳುವುದು ಉರ್ದುವಿನಲ್ಲಿ, ಸಿಟ್ಟು ಬಂದರೆ ಬೈಯುವುದು ಕನ್ನಡದಲ್ಲಿ, ಸಂಬಳದ ದಿನ ಮೂರೂ ಭಾಷೆಯಲ್ಲಿ ನಗುತ್ತೇನೆ. ಇಂಗ್ಲಿಷಿನ ಹಳೆಯ ಮಾತುಗಳ ಹುಚ್ಚು ನನಗೆ. ಯಾವ ಮಾತು ಎಲ್ಲಿ ಹುಟ್ಟಿತು, ಯಾರ ಯಾರ ಬಾಯಲ್ಲಿ ಹಾದು ನಮ್ಮ ಸೇಡಂ ಚಿತ್ತಾಪುರದ ಸಂತೆಗೆ ಬಂತು ಎಂದು ಬೆನ್ನು ಹತ್ತುತ್ತೇನೆ. ಮನೆಯವಳಿಗೆ ಇದರಿಂದ ಬೇಸರವಿದೆ. ಅವಳ ಬೇಸರದಲ್ಲಿ ನ್ಯಾಯವೂ ಇದೆ.

ಹೋದ ತಿಂಗಳು ವಾಡಿ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುತ್ತ ಕುಳಿತಿದ್ದೆ. ಚಿತ್ತಾಪುರ, ಸೇಡಂ ಕಡೆಗೆ ಹೋಗುವ ನಿಜಾಮ್ ಸರ್ಕಾರದ ಹಾದಿ ಒಂಟಿ ಹಳಿಯದು. ಎದುರಿನಿಂದ ಗಾಡಿ ಬರುತ್ತಿಲ್ಲ ಎಂಬುದಕ್ಕೆ ಗುರುತಾಗಿ ಡ್ರೈವರನ ಕೈಗೆ ಒಂದು ಕಬ್ಬಿಣದ ಗುಂಡು ಕೊಡುತ್ತಾರೆ, ದೊಡ್ಡ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿಟ್ಟು. ಅದು ಕೈಗೆ ಬರದೆ ಗಾಡಿ ಒಂದು ಮಾರು ಮುಂದೆ ಹೋಗುವಂತಿಲ್ಲ. ಅಲ್ಲಿನ ಗುಮಾಸ್ತ ಮಡಿವಾಳಯ್ಯನವರು ನನ್ನ ಹಳೆಯ ಸ್ನೇಹಿತರು. ಅದರ ಹೆಸರು ಟೋಕನ್ ಎಂದು ಅವರೇ ಹೇಳಿದರು. “ಶಹಾಬಾದದ ಖಣಿಯೊಳಗೂ ಟೋಕನ್ ಅದ ನೋಡ್ರಿ ಮಾಸ್ತರ್ರ. ಅಲ್ಲಿ ಒಬ್ಬಾಂವ ಇದ್ದಾನ, ಹತ್ತು ವರ್ಷದಾಗ ಒಂದ ಜೀವ ಹೋಗಗೊಟ್ಟಿಲ್ಲ” ಎಂದರು. ವಾರಪತ್ರಿಕೆಯ ಸಂಪಾದಕರು ಎಲೆಮರೆಯ ಕಾಯಿಯೊಂದನ್ನು ಹುಡುಕಿ ಬರೆಯಿರಿ ಎಂದು ಪತ್ರದ ಮೇಲೆ ಪತ್ರ ಹಾಕುತ್ತಲೇ ಇದ್ದರು. ಮಾತೂ ಸಿಕ್ಕಿತು, ಮನುಷ್ಯನೂ ಸಿಕ್ಕ ಎಂದು ಖುಷಿಯಿಂದ ಬಂದೆ.

ಗಣಿಯ ಮ್ಯಾನೇಜರರೂ ಅದನ್ನೇ ಹೇಳಿದರು. ಹತ್ತು ವರ್ಷದಿಂದ ಈ ಗಣಿಯಲ್ಲಿ ಮದ್ದಿಗೆ ಸಿಕ್ಕು ಸತ್ತವರಿಲ್ಲ. “ಆದರೆ ಮನುಷ್ಯ ಮಹಾ ನಿಧಾನ” ಎಂದು ಒಂದು ದೂರನ್ನೂ ಸೇರಿಸಿದರು. ಐದೂವರೆಗೆ ಆಗಬೇಕಾದ ಏಟು ಇವರ ಕೈಯಲ್ಲಿ ಆರು ಗಂಟೆಗೆ ಆಗುತ್ತದೆ. ಕಾರಣವನ್ನು ನಾನು ಬಂದ ಮೊದಲ ಸಂಜೆಯೇ ನೋಡಿದೆ. ದೇವೀಂದ್ರಪ್ಪ ಪ್ರತಿಯೊಬ್ಬರ ಚೀಲದಿಂದ ಬಿಲ್ಲೆ ಹೊರತೆಗೆದು ನಂಬರು ನೋಡುತ್ತಾರೆ. ಆಮೇಲೆ ಕಂದೀಲು ಎತ್ತಿ ಕೊಟ್ಟವರ ಮುಖ ನೋಡುತ್ತಾರೆ. ಮುಖ ಕಂಡಮೇಲೆ ಹೆಸರು ಹಿಡಿದು ಕರೆಯುತ್ತಾರೆ, ಅವರು ಓ ಎನ್ನಬೇಕು. ದಣಿದ ಮಂದಿ ಗೊಣಗುತ್ತಾರೆ. “ಕಾಕಾ, ಮದಲಗಿತ್ತಿ ನೋಡಿದಂಗ ನೋಡ್ತೀ ಅಲ್ಲ!” ಎಂದು ಒಬ್ಬ ಚೇಷ್ಟೆ ಮಾಡಿದ. ಸಾಲಿನಲ್ಲಿದ್ದ ಎಲ್ಲರೂ ನಕ್ಕರು. ದೇವೀಂದ್ರಪ್ಪ ನಗಲಿಲ್ಲ, ಮುಂದಿನವನ ಮುಖಕ್ಕೆ ಕಂದೀಲು ಹಿಡಿದರು.

ಅವರ ಊರು ಮಳಖೇಡದ ಹತ್ತಿರ, ಕಾಗಿಣಾ ನದಿಯ ದಂಡೆಯ ಮೇಲೆ. ತಂದೆ ಹರಿಗೋಲು ಹಾಕುತ್ತಿದ್ದರು. ಮಳೆಗಾಲದಲ್ಲಿ ನದಿ ತುಂಬಿದಾಗ ಆಚೆ ದಡಕ್ಕೆ ಮಂದಿಯನ್ನು, ಕುರಿಯನ್ನು, ಒಮ್ಮೊಮ್ಮೆ ಹೆಣವನ್ನೂ ದಾಟಿಸಿದವರು. ಹರಿಗೋಲು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಂದೆ ಪ್ರತಿಯೊಬ್ಬರ ಮುಖ ನೋಡುತ್ತಿದ್ದರಂತೆ. “ನಮ್ಮಪ್ಪಗ ಎಣಿಸ್ಲಿಕ್ಕ ಬರ್ತಿರಲಿಲ್ರಿ. ಇಪ್ಪತ್ತರ ಮ್ಯಾಲ ಲೆಕ್ಕ ತಪ್ಪತಿತ್ತು. ಆದ್ರ ಮಾರಿ ತಪ್ಪತಿರಲಿಲ್ಲ. ಆ ಕೆಂಪು ರುಮಾಲದಾಂವ ಎಲ್ಲಿ ಅಂತಿದ್ದ. ನೀರಿಗಿ ಬಿದ್ದಾಂವ ಅವನ ಆಗಿರತಿದ್ದ” ಎನ್ನುತ್ತಾರೆ ದೇವೀಂದ್ರಪ್ಪ. ತಂದೆ ತೀರಿಕೊಂಡ ಮೇಲೆ, ಇಪ್ಪತ್ತೆರಡು ವರ್ಷದ ಕೆಳಗೆ, ಇವರು ಕಂಪನಿಯ ಕೆಲಸಕ್ಕೆ ಸೇರಿದರು. ನಂಬರು ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹಲಗೆಯ ಮುಂದೆ ನಿಲ್ಲಿಸಿದರು. ಈಗ ಅವರಿಗೆ ಐವತ್ತೆಂಟು.

ಎರಡನೆಯ ದಿನ ಮಧ್ಯಾಹ್ನ ಗಣಿಯೊಳಗೆ ಮಂದಿ ಬಂಡೆಯ ನೆರಳು ಹಿಡಿದು ರೊಟ್ಟಿ ಬಿಚ್ಚಿದ್ದರು. ಮೇಲೆ ಚಪ್ಪರದಲ್ಲಿ ನಾವಿಬ್ಬರೇ. ತಗಡು ಕಾದು ಒಳಗೆ ಕೂರಲಾಗದ ಸೆಕೆ. ದೇವೀಂದ್ರಪ್ಪ ಮಡಕೆಯ ನೀರು ಕೊಟ್ಟು ಕೇಳಿದರು.

“ಮಾಸ್ತರ್ರ, ಇಪ್ಪತ್ತೆರಡು ವರ್ಷ ಆತು ಈ ಟೋಕನ್ ಹಿಡದು. ಅದರ ಅರ್ಥ ಏನಂತ ಯಾರೂ ಹೇಳಿಲ್ಲ. ನೀವು ಓದಿದವರು, ಹೇಳ್ರಿ.”

ಕೇಳುವವರು ಸಿಕ್ಕರೆ ನನ್ನನ್ನು ಹಿಡಿಯುವವರಿಲ್ಲ. ಹೈದರಾಬಾದಿನ ಗ್ರಂಥಾಲಯದಲ್ಲಿ ಕುಳಿತು ಗುರುತು ಹಾಕಿಕೊಂಡದ್ದನ್ನೆಲ್ಲ ಒದರಿದೆ. ಈ ಮಾತು ಸಾವಿರ ವರ್ಷಕ್ಕೂ ಹಳೆಯದು. ಆ ಕಾಲದ ಇಂಗ್ಲಿಷಿನಲ್ಲಿ ಇದಕ್ಕೆ ಗುರುತು, ಕುರುಹು ಎಂದೇ ಅರ್ಥ. ಕಣ್ಣಿಗೆ ಕಾಣದ ಸಂಗತಿಗೆ ಕಣ್ಣಿಗೆ ಕಾಣುವ ಸಾಕ್ಷಿ. ಕಲಿಸು ಎಂಬ ಅವರ ಮಾತೂ ಇದೇ ಬೇರಿನದು, ತೋರಿಸುವುದೇ ಕಲಿಸುವುದು ಎಂದು ಹಳಬರು ತಿಳಿದಿದ್ದರು. ಆಕಾಶದಲ್ಲಿ ಬಾಲದ ಚುಕ್ಕೆ ಮೂಡಿದರೆ ಅದೂ ಟೋಕನ್, ಏನೋ ಕೇಡು ಬರುವುದರ ಗುರುತು. ಪ್ಲೇಗಿನ ಕಾಲದಲ್ಲಿ ರೋಗಿಯ ಮೈಮೇಲೆ ಏಳುತ್ತಿದ್ದ ಕಲೆಗೂ ಇದೇ ಹೆಸರು. ಟೋಕನ್ ಎದ್ದಿತೆಂದರೆ ಮನೆಯವರು ಆಸೆ ಬಿಡುತ್ತಿದ್ದರು.

“ಅಲ್ಲೂ ಜೀವದ ಲೆಕ್ಕನ ಏನ್ರಿ ಇದು?” ಎಂದರು ದೇವೀಂದ್ರಪ್ಪ.

ಎಲ್ಲ ಕಡೆಯೂ ಅಲ್ಲ ಎಂದೆ. ಅಲ್ಲಿ ಚಿಲ್ಲರೆ ನಾಣ್ಯ ಸಿಗದ ಒಂದು ಕಾಲವಿತ್ತು. ಆಗ ಅಂಗಡಿಯವರು ತಮ್ಮ ಹೆಸರು ಒತ್ತಿಸಿದ ತಾಮ್ರದ ಬಿಲ್ಲೆ ಮಾಡಿಸಿ ಗಿರಾಕಿಗೆ ಕೊಡುತ್ತಿದ್ದರು, ಅದೂ ಟೋಕನ್. ಸ್ಕಾಟ್ಲೆಂಡಿನ ಚರ್ಚುಗಳಲ್ಲಿ ಪ್ರಸಾದದ ಪಂಕ್ತಿಗೆ ಯಾರು ಕೂರಬಹುದು ಎಂದು ಪಾದ್ರಿ ಮೊದಲೇ ಗೊತ್ತುಮಾಡಿ ಸೀಸದ ಬಿಲ್ಲೆ ಕೊಡುತ್ತಿದ್ದ. ದೂರದೇಶಕ್ಕೆ ಹೊರಟ ಗಂಡು ತನ್ನವಳಿಗೆ ನಾಣ್ಯವೊಂದನ್ನು ಉಜ್ಜಿ ಅದರ ಮೇಲೆ ಹೆಸರು ಕೆತ್ತಿ ಕೊಡುತ್ತಿದ್ದ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲೂ ನಿಮ್ಮ ಹಲಗೆಯಂಥದೇ ಹಲಗೆ, ನಿಮ್ಮ ಬಿಲ್ಲೆಯಂಥದೇ ಹಿತ್ತಾಳೆ. ಈಗೀಗ ಮಾತ್ರ ಆ ಮಾತಿಗೆ ಇಳಿಗಾಲ ಬಂದಿದೆ, ಬರೀ ಹೆಸರಿಗೆ ಮಾಡಿ ಕೈತೊಳೆದುಕೊಳ್ಳುವುದಕ್ಕೂ ಅದನ್ನೇ ಬಳಸುತ್ತಾರೆ ಎಂದೆ.

ಕಡೆಗೆ ನನಗೆ ಬಹಳ ಸೇರಿದ್ದನ್ನು ಹೇಳಿದೆ. ಇನ್ನೂರು ವರ್ಷದ ಕೆಳಗೆ ಲಂಡನ್ನಿನಲ್ಲಿ ಸಾಕಲಾರದ ಕೂಸುಗಳನ್ನು ಬಿಟ್ಟುಹೋಗಲು ಒಂದು ಆಸ್ಪತ್ರೆ ಇತ್ತು. ಬಿಟ್ಟುಹೋಗುವ ತಾಯಿ ಜೊತೆಗೊಂದು ಗುರುತು ಇಡಬೇಕು. ಒಬ್ಬಳು ಗುಂಡಿ, ಒಬ್ಬಳು ಸೀಳಿದ ನಾಣ್ಯದ ಅರ್ಧ, ಒಬ್ಬಳು ತನ್ನ ತೋಳಿನ ಅರಿವೆಯ ತುಂಡು. ಕಾಲ ಕೂಡಿ ಬಂದಾಗ ಆ ಗುರುತು ಹೇಳಿದರೆ ಕೂಸು ಅವಳದು. ಅದನ್ನೂ ಟೋಕನ್ ಎನ್ನುತ್ತಿದ್ದರು.

ದೇವೀಂದ್ರಪ್ಪ ನೀರಿನ ಮಡಕೆಯ ಬಾಯಿ ಮುಚ್ಚಿದರು. ಆಮೇಲೆ, “ಎಷ್ಟ ಮಂದಿ ಹೊಳ್ಳಿ ಬಂದ್ರು?” ಎಂದರು.

“ಭಾಳ ಕಡಿಮಿ.”

“ಮತ್ತ ಗುರುತು?”

“ಅವು ಹಂಗ ಉಳದಾವಂತ್ರಿ.”

“ಗುರುತು ಉಳೀತದ್ರಿ. ಹಿತ್ತಾಳಿ ಅಲ್ಲೇನ್ರಿ, ಅದಕ್ಕೇನಾಗ್ತದ” ಎಂದು ಅವರು ಎದ್ದರು. ಹಲಗೆಯ ಎಡಗಡೆ, ಕೆಳಗಿನಿಂದ ಮೂರನೆಯ ಸಾಲಿನ ಒಂದು ಮೊಳೆಯ ಮೇಲೆ ಬೆರಳಿಟ್ಟರು. ಬೆಳಿಗ್ಗೆಯೇ ಬಿಲ್ಲೆ ಕೆಳಗೆ ಹೋಗಿ ಖಾಲಿಯಾಗಿದ್ದ ಮೊಳೆ. “ಎಂಬತ್ತೆರಡು. ಈಗ ಚಿಂಚೋಳಿ ಕಡಿಯಾಂವ ಒಬ್ಬ ಒಯ್ತಾನ. ಅಂವಗ ಗೊತ್ತಿಲ್ಲ, ಇದು ಯಾರದಿತ್ತು ಅಂತ.”

ಮುಂದಿನದನ್ನು ದೇವೀಂದ್ರಪ್ಪನವರ ಒಪ್ಪಿಗೆ ಪಡೆದು, ಇದರಲ್ಲಿ ಹೆಸರು ಬರುವ ಸಾಬಮ್ಮನವರ ಒಪ್ಪಿಗೆಯನ್ನೂ ಪಡೆದು ಬರೆಯುತ್ತಿದ್ದೇನೆ.

ಎಂಬತ್ತೆರಡು ತಮ್ಮಣ್ಣ ಎಂಬಾತನದು. ಹಾರೆ ಹಿಡಿದು ಬಂಡೆ ಎಬ್ಬಿಸುವ ಕೆಲಸ. ಹೆಂಡತಿ ಸಾಬಮ್ಮ ಅದೇ ಗಣಿಯಲ್ಲಿ ಬುಟ್ಟಿ ಹೊರುತ್ತಿದ್ದಳು. ನಿಜಾಮ್ ಸರ್ಕಾರದ ಲೆಕ್ಕದಲ್ಲಿ ಫಸಲಿ ೧೩೪೫ರ, ಅಂದರೆ ಇಸವಿ ೧೯೩೬ರ ಬೇಸಿಗೆ, ಇಂದಿಗೆ ಸರಿಯಾಗಿ ಹತ್ತು ವರ್ಷ. ಆಗ ಬಿಲ್ಲೆಗಳಿಗೆ ಚೀಲ ಇರಲಿಲ್ಲ. ದಾರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಳ್ಳಬೇಕು. ಗಂಡಸರು ಬರಿಮೈಯಲ್ಲಿ ದುಡಿಯುವವರು. ಮಧ್ಯಾಹ್ನದ ಹೊತ್ತಿಗೆ ಹಿತ್ತಾಳೆ ಕಾದು ಎದೆಗೆ ಬರೆ ಹಾಕುತ್ತಿತ್ತು. ಒಂದು ದಿನ ತಮ್ಮಣ್ಣ ಎದೆಯ ಮೇಲೆ ಎದ್ದ ಗುಳ್ಳೆ ತೋರಿಸಿದ.

“ನನಗ ಪಾಪ ಅನಸ್ತು” ಎನ್ನುತ್ತಾರೆ ದೇವೀಂದ್ರಪ್ಪ. “ಹೆಂಡ್ತಿ ಕೈಯಾಗ ಕೊಡೋ, ಆಕಿ ಉಡ್ಯಾಗ ಕಟ್ಕೊಳ್ಲಿ ಅಂದೆ. ಯಾರ ಬಿಲ್ಲೆ ಅವರ ತಂದು ಕೊಡಬೇಕು ಅಂತ ಕಾನೂನು ಇತ್ತು. ನಾನ ಮುರದೆ. ಮರುದಿನ ಹೆಂಡ್ರು ಇದ್ದವರೆಲ್ಲ ಹಂಗ ಮಾಡಿದ್ರು. ಹೆಣ್ಣಮಕ್ಕಳು ನನಗ ಕೈ ಮುಗದ್ರು, ಪುಣ್ಯಾ ಕಟ್ಕೊಂಡಿ ಅಂದ್ರು. ಒಂದ ಗೇಣು ಅರಿವಿ ಸುತ್ತಿದ್ರ ಮುಗೀತಿತ್ತು ನೋಡ್ರಿ. ಈಗ ಮಾಡೀನಲ್ಲ ಚೀಲ, ನಮ್ಮಾಕಿ ಕುಂತು ಎಲ್ಲಾ ಹೊಲದಾಳ. ಅದು ಅವಾಗ ನನ್ನ ತಲಿಗಿ ಹೊಳೀಲಿಲ್ಲ.”

ಬೇಸಿಗೆ ಇಡೀ ಹಾಗೇ ನಡೆಯಿತು. ಒಂದು ಸಂಜೆ ಹೆಂಗಸರ ಸಾಲಿನಲ್ಲಿ ಸಾಬಮ್ಮ ಬಂದಳು. ತನ್ನದೊಂದು, ಗಂಡನದೊಂದು ಬಿಲ್ಲೆ ಕೈಗೆ ಕೊಟ್ಟು, “ಹಿಂದ ಬರ್ಲಿಕತ್ತಾರ” ಎಂದಳು. ದೇವೀಂದ್ರಪ್ಪ ಎರಡನ್ನೂ ತೂಗುಹಾಕಿದರು. ತಮ್ಮಣ್ಣ ನಿಜವಾಗಿಯೂ ಹಿಂದೆಯೇ ಇದ್ದ. ಅರ್ಧ ದಾರಿಯಲ್ಲಿ ಹಾರೆ ನೆನಪಾಗಿ ಮತ್ತೆ ಇಳಿದಿದ್ದ. ಮದ್ದು ಸಿಡಿದರೆ ಹಾರೆ ಬಂಡೆಯಡಿ ಸಿಕ್ಕಿಬೀಳುತ್ತದೆ ಎಂಬ ಕಾಳಜಿ. ಸ್ವಲ್ಪ ಹೊತ್ತಿಗೆ ಹಲಗೆ ತುಂಬಿತು. ದೇವೀಂದ್ರಪ್ಪ ಎರಡು ಏಟು ಹಾಕಿದರು. ಮದ್ದಿನ ಬಂದೇನವಾಜ್ ಬತ್ತಿ ಹಚ್ಚಿದ. ಸದ್ದು ನಿಂತು ಧೂಳು ಇಳಿದ ಮೇಲೆ ಸಾಬಮ್ಮ ಇನ್ನೂ ಚಪ್ಪರದ ಹತ್ತಿರ ನಿಂತು ದಾರಿ ನೋಡುತ್ತಿದ್ದಳು. ಬಂದೇನವಾಜ್ ಆ ವಾರವೇ ಕೆಲಸ ಬಿಟ್ಟು ಹೋದ. ಮತ್ತೆಂದೂ ಬೆಂಕಿಕಡ್ಡಿ ಗೀರಲಿಲ್ಲವೆಂದು ಮಂದಿ ಹೇಳುತ್ತಾರೆ.

“ಕತ್ತಲಿತ್ತು, ಗೊತ್ತಾಗಲಿಲ್ಲ ಅನ್ಲಿಕ್ಕೂ ನನಗ ಬಾಯಿಲ್ರಿ” ಎಂದರು ದೇವೀಂದ್ರಪ್ಪ. “ಆಕಿ ಕೈಯಾಗಿಂದ ತಗೊಂಡಾಗ ಬೆರಳಿಗಿ ದುಂಡಂದು ಗೊತ್ತಾತು. ಗಣಮಗನ ಬಿಲ್ಲೆ, ಮನಿಶ್ಯಾ ಮುಂದಿಲ್ಲ ಅಂತ ಗೊತ್ತಾತು. ಆಕಿ ಹೇಳಿದ್ದೂ ಕೇಳಿಸ್ತು. ಬರ್ತಾನ ಬಿಡು ಅಂತ ಮೊಳಿಗಿ ಹಾಕಿದೆ. ಹಲಗಿ ತುಂಬ್ತು, ಕೈ ತಾನಾಗೇ ಸುತಗಿಗಿ ಹೋತು. ನೀವು ಈಗ ಹೇಳಿದ್ರಲ್ಲ, ಟೋಕನ್ ಅಂದ್ರ ಗುರುತು ಅಂತ. ನಾ ಗುರುತು ನೋಡಿದೆ, ಮನಿಶ್ಯಾನ ನೋಡ್ಲಿಲ್ಲ. ನಮ್ಮಪ್ಪ ಇದ್ದಿದ್ರ ಕಪಾಳಕ್ಕ ಹೊಡೀತಿದ್ದ.”

ತಪ್ಪು ಎಲ್ಲರಿಂದಲೂ ಆಗುತ್ತದೆ ಎಂದು ನಾನು ಸಮಾಧಾನದ ಮಾತಿಗೆ ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಅವರನ್ನು ಹತ್ತು ವರ್ಷ ಸುಟ್ಟದ್ದು ಆ ಸಂಜೆಯಲ್ಲ, ಅದಾದ ನಾಲ್ಕನೆಯ ದಿನ.

ನಾಲ್ಕನೆಯ ದಿನ ಹೈದರಾಬಾದಿನಿಂದ ಕಂಪನಿಯ ದೊಡ್ಡ ಸಾಹೇಬರು ವಿಚಾರಣೆಗೆ ಬಂದರು. ಕುರ್ಚಿ ಹಾಕಿ ಇದೇ ಚಪ್ಪರದಲ್ಲಿ ಕುಳಿತರು. ಸಾಬಮ್ಮ ಕಂಬ ಹಿಡಿದು ನಿಂತಿದ್ದಳು. ಹಲಗೆ ತುಂಬಿತ್ತೆ ಎಂದು ಸಾಹೇಬರು ಕೇಳಿದರು. ತುಂಬಿತ್ತು ಎಂದರು ದೇವೀಂದ್ರಪ್ಪ. ಎಂಬತ್ತೆರಡನೆಯ ಬಿಲ್ಲೆ ಯಾರು ತಂದುಕೊಟ್ಟರು ಎಂದು ಕೇಳಿದರು. ದೇವೀಂದ್ರಪ್ಪ, “ಅವನೇ ಕೊಟ್ಟ” ಎಂದರು. ಗುಮಾಸ್ತ ಅದನ್ನು ಉರ್ದುವಿನಲ್ಲಿ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದ. ಮೇಲೆ ಬಂದು ಬಿಲ್ಲೆ ಒಪ್ಪಿಸಿದವನು ತನ್ನ ಮನಸ್ಸಿನಿಂದ ಮತ್ತೆ ಕೆಳಗಿಳಿದ, ತಪ್ಪು ಅವನದೇ ಎಂದು ಕಾಗದವಾಯಿತು. ಎಂಟು ದಿನದಲ್ಲಿ ಬಿಲ್ಲೆ ಇನ್ನೊಬ್ಬನ ಕೊರಳಿಗೆ ಹೋಯಿತು.

“ಅವತ್ತ ಸಂಜಿಕ ಸಾಬವ್ವ ಬಂದು ನನ್ನ ಕಾಲಿಗಿ ಬಿದ್ದಳ್ರಿ” ಎಂದರು. “ಅಣ್ಣಾ, ನಾ ಬಿಲ್ಲೆ ಕೊಟ್ಟೆ ಅಂತ ಹೇಳದ ನನ್ನ ಉಳಿಸಿದಿ, ಇಲ್ಲಂದ್ರ ಗಂಡನ್ನ ತಿಂದಾಕಿ ಅಂತ ಊರೆಲ್ಲ ಉಗೀತಿತ್ತು ಅಂದ್ಳು. ನಾ ಹೇಳಿದ್ದು ಆಕಿ ಸಲಿಂದ ಅಂತ ತಿಳಕೊಂಡಾಳ. ನಾ ನನ್ನ ನೌಕರಿ ಸಲಿಂದ ಹೇಳಿದ್ನ್ರಿ. ಬಿಲ್ಲೆ ಒಬ್ಬರದು ಒಬ್ಬರ ಕೈಯಾಗಿಂದ ತಗೊಂಡೆ ಅಂದಿದ್ರ ಅವತ್ತ ನನ್ನ ಹೊರಗ ಹಾಕತಿದ್ರು. ಎದ್ದೇಳು ತಂಗಿ ಅಂದೆ, ಅಷ್ಟ. ಖರೇ ಹೇಳ್ಲಿಲ್ಲ.”

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಸಾಬಮ್ಮ ದೇವೀಂದ್ರಪ್ಪನವರಿಗೆ ಎರಡು ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬರುತ್ತಾಳೆ. ಒಡಹುಟ್ಟಿದವನಿಗೆ ತರುವ ಹಾಗೆ. ಹತ್ತು ವರ್ಷದಲ್ಲಿ ಒಂದು ಅಮಾವಾಸ್ಯೆ ತಪ್ಪಿಸಿಲ್ಲ. ದೇವೀಂದ್ರಪ್ಪ ಬೇಡ ಎನ್ನಲಾರದೆ ತಿನ್ನುತ್ತಾರೆ. ಹೆಂಡತಿಗೆ ಕೂಡ ಅವರು ಈ ಸಂಗತಿ ಹೇಳಿಲ್ಲ.

“ಇವತ್ತ ಅಮಾಸಿ” ಎಂದರು. “ಸಂಜಿಕ ತರ್ತಾಳ. ಮಾಸ್ತರ್ರ, ನೀವು ಪೇಪರದಾಗ ಬರೀರಿ. ದೇವೀಂದ್ರಪ್ಪ ಸುಳ್ಳ ಹೇಳ್ಯಾನ ಅಂತ ಬರೀರಿ. ಯಾರರೆ ಆಕಿಗಿ ಓದಿ ಹೇಳ್ತಾರ. ನನ್ನ ಬಾಯಿಲೆ ಆಗವಲ್ದು.”

ಮಾತಿನ ಬೇರು ಹುಡುಕುವ ಚಪಲಕ್ಕೆ ಬಂದು ಒಬ್ಬರ ಹತ್ತು ವರ್ಷದ ಗಾಯ ಕೆದರಿದೆ ಎಂದು ನನಗೆ ನಾಚಿಕೆಯಾಯಿತು. ನಾನು ಆಡಿದ ಕಥೆಗಳೆಲ್ಲ ಅವರಿಗೆ ಆರೋಪದ ಪಟ್ಟಿಯ ಹಾಗೆ ಕೇಳಿರಬೇಕು. ಆದರೂ ಒಂದು ಮಾತು ಕಟುವಾಗಿಯೇ ಹೇಳಿದೆ. ಓದಲು ಬಾರದ ಹೆಣ್ಣುಮಗಳಿಗೆ ಇದನ್ನು ಬೇರೆ ಯಾರೋ ಸಂತೆಯಲ್ಲಿ ನಿಂತು ಓದಿ ಹೇಳುವುದು ಬೇಡ. ನೀವು ಹೇಳಿದರೆ ಬರೆಯುತ್ತೇನೆ, ಹೇಳದಿದ್ದರೆ ಬರೆಯುವುದಿಲ್ಲ ಎಂದೆ. ದೇವೀಂದ್ರಪ್ಪ ಮೂರು ಗಂಟೆಯವರೆಗೆ ಖಾಲಿ ಮೊಳೆಗಳನ್ನು ಅರಿವೆಯಿಂದ ಒರೆಸುತ್ತ ಕುಳಿತರು.

ಸಂಜೆ ಎಂದಿನಂತೆ ಸಾಲು ಬಂತು. ಎಂದಿನಂತೆ ನಂಬರು, ಮುಖ, ಹೆಸರು. ಆ ದಿನ ಇನ್ನೂ ನಿಧಾನವಾಯಿತು. ಹಲಗೆ ತುಂಬಿದ ಮೇಲೂ ದೇವೀಂದ್ರಪ್ಪ ಮೇಲಿನಿಂದ ಕೆಳಗೆ ಎರಡು ಸಲ ಕಣ್ಣಾಡಿಸಿ ಏಟು ಹಾಕಿದರು. ನೆಲ ಒಮ್ಮೆ ಅದುರಿತು. ಮಂದಿ ಊರ ದಾರಿ ಹಿಡಿದರು. ಬುತ್ತಿಯ ಗಂಟು ಹಿಡಿದ ಒಬ್ಬ ಹೆಂಗಸು ಮಾತ್ರ ನಿಂತಳು. ನಲವತ್ತರ ಆಸುಪಾಸು, ತಲೆಯ ತುಂಬ ಸುಣ್ಣದ ಧೂಳು. ಸಾಬಮ್ಮ ಅವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ತಗೋ ಅಣ್ಣಾ. ಪುಂಡಿಪಲ್ಲೆ ಸೊಲ್ಪ ಹುಳಿ ಆಗ್ಯಾದ” ಎಂದಳು.

ದೇವೀಂದ್ರಪ್ಪ ಗಂಟಿಗೆ ಕೈ ಚಾಚಲಿಲ್ಲ. “ಕುಂಡ್ರು ತಂಗಿ” ಎಂದರು. ಅವಳು ಕೂರಲಿಲ್ಲ. ನನ್ನ ಕಡೆ ನೋಡಿ, ಅವರ ಕಡೆ ನೋಡಿ, “ಯಾಕ?” ಎಂದಳು.

“ಅವತ್ತ ಸಾಹೇಬ್ರ ಮುಂದ ನಾ ಹೇಳಿದ್ದು ನಿನ್ನ ಉಳಸ್ಲಿಕ್ಕ ಅಲ್ಲ. ನನ್ನ ನೌಕರಿ ಉಳಸ್ಕೊಳ್ಳಿಕ್ಕ. ಒಬ್ಬರ ಬಿಲ್ಲೆ ಇನ್ನೊಬ್ಬರ ಕೈಯಾಗಿಂದ ತಗೋಬಾರದಿತ್ತು, ತಗೊಂಡೆ. ಮಾರಿ ನೋಡಿ ಏಟು ಹಾಕಬೇಕಿತ್ತು, ನೋಡ್ಲಿಲ್ಲ. ಗಲತಿ ನಂದು, ತಂಗಿ. ನಿಂದು ಏನೂ ಇಲ್ಲ. ಇಷ್ಟ ವರ್ಷ ನಿನ್ನ ರೊಟ್ಟಿ ತಿಂದೆ, ಇದೊಂದ ಮಾತು ಹೇಳ್ಲಿಲ್ಲ.”

ಸಾಬಮ್ಮ ಅತ್ತರೆ ಏನು ಮಾಡಬೇಕು, ಬೈದರೆ ಏನು ಮಾಡಬೇಕು ಎಂದು ನಾನು ಗಾಬರಿಯಲ್ಲಿದ್ದೆ. ಅವಳು ಎರಡೂ ಮಾಡಲಿಲ್ಲ. ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು.

“ಹಿಂದ ಬರ್ಲಿಕತ್ತಾರ ಅಂತ ನಾ ಅಂದಿದ್ದೆ. ಅದು ನಿನಗ ಕೇಳಿಸಿತ್ತೇನು?”

“ಕೇಳಿಸಿತ್ತು.”

“ನಾ ಅಂದೆನೋ ಇಲ್ಲೋ ಅಂತ ನನಗ ಗೊತ್ತ ಇರಲಿಲ್ಲ” ಎಂದಳು. “ಮನಸಿನ್ಯಾಗ ಅಂದೆ, ಬಾಯಿಲೆ ಅನ್ಲಿಲ್ಲ ಅಂತ ತಿಳಕೊಂಡಿದ್ದೆ. ಹೇಳದ ಕೊಟ್ಟು ನಾನ ಕೊಂದೆ ಅಂತ ತಿಳಕೊಂಡಿದ್ದೆ.”

ದೇವೀಂದ್ರಪ್ಪ ಎರಡೂ ಕೈ ಜೋಡಿಸಿದರು. ಸಾಬಮ್ಮ ಅದನ್ನು ನೋಡಿದಂತೆ ಕಾಣಲಿಲ್ಲ. ಅವಳ ಕಣ್ಣು ಗಣಿಯ ಆಚೆಗೆ, ಚಿಂಚೋಳಿಯ ದಿಕ್ಕಿಗೆ ಹೋಗಿತ್ತು.

“ನನ್ನ ಕೂಸು ಅವಾಗ ನಾಕು ವರ್ಷದ್ದಿತ್ತು. ಅಪ್ಪ ಎಲ್ಲಿ ಅಂತ ಕೇಳತಿತ್ತು. ಅದರ ಮಾರಿ ನೋಡ್ಲಿಕ್ಕ ನನಗ ಆಗಲಿಲ್ಲಣ್ಣಾ. ಚಿಂಚೋಳಿ ಕಡಿ ಐನಾಪುರದಾಗ ನಮ್ಮಕ್ಕ ಅದಾಳ, ಆಕಿಗಿ ಮಕ್ಕಳಿಲ್ಲ. ಆಕಿ ಉಡ್ಯಾಗ ಹಾಕಿ ಬಂದೆ. ಈಗ ದೊಡ್ಡಾಕಿ ಆಗ್ಯಾಳ. ನಮ್ಮಕ್ಕಗ ಅವ್ವ ಅಂತಾಳ, ನನಗ ಚಿಗವ್ವ ಅಂತಾಳ.”

ಗಂಟನ್ನು ಅವಳು ಚಪ್ಪರದ ಕಟ್ಟೆಯ ಮೇಲೆ ಇಟ್ಟಳು. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಹೊರಡುವಾಗ ದೇವೀಂದ್ರಪ್ಪನವರಿಗೆ ಹೇಳಿದ ಮಾತಿನಲ್ಲಿ ಸಿಟ್ಟು ಇರಲಿಲ್ಲ.

“ಅವತ್ತ ಹೇಳಿದ್ರ ಕೂಸಿನ್ನ ಕೊಡತಿರಲಿಲ್ಲಣ್ಣಾ.”